ಕಾಪರ್‌ಬ್ಯಾಂಡ್ ಚಿಟ್ಟೆ ಮೀನು ಐದು ದಿನದಿಂದ ಏನೂ ತಿಂದಿಲ್ಲ, ದಯವಿಟ್ಟು ಸಹಾಯ ಮಾಡಿ

ಉಪ್ಪುನೀರು_ಜಯನಗರ · ಶುಕ್ರವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಕಳೆದ ಭಾನುವಾರ ಒಂದು ಕಾಪರ್‌ಬ್ಯಾಂಡ್ ತಂದೆ. ಅವತ್ತಿನಿಂದ ಇವತ್ತಿನವರೆಗೆ ಒಂದು ತುತ್ತೂ ತಿಂದಿಲ್ಲ.

ಟ್ಯಾಂಕ್ ನಾಲ್ಕು ಅಡಿಯದು, ಸುಮಾರು 300 ಲೀಟರ್. ಶುರು ಮಾಡಿ ಎಂಟು ತಿಂಗಳಾಯಿತು. ಒಳಗೆ ಎರಡು ಕ್ಲೌನ್ ಮೀನು, ಒಂದು ಗೋಬಿ ಮೀನು. ಸ್ಯಾಲಿನಿಟಿ (ನೀರಿನ ಉಪ್ಪಿನಂಶ) 1.025, ಟೆಂಪರೇಚರ್ 26, ಅಮೋನಿಯಾ ಸೊನ್ನೆ, ನೈಟ್ರೇಟ್ 15ರ ಹತ್ತಿರ. ನೀರಲ್ಲಿ ತೊಂದರೆ ಇದೆ ಅಂತ ನನಗೆ ಅನ್ನಿಸುತ್ತಿಲ್ಲ.

ತಂದಿದ್ದು ಐಪ್ಟೇಶಿಯಾ ಕಾಟಕ್ಕೆ, ಕಳೆಯ ಹಾಗೆ ಬೆಳೆಯುವ ಹೂವಿನಂಥ ಸಣ್ಣ ಕಡಲ ಜೀವಿ ಅದು. ಕಲ್ಲಿನ ಮೇಲೆಲ್ಲ ಹಬ್ಬಿಬಿಟ್ಟಿದೆ. ಅಂಗಡಿಯವರು ಈ ಮೀನು ಬಿಟ್ಟರೆ ಒಂದೇ ವಾರದಲ್ಲಿ ಎಲ್ಲ ಕ್ಲೀನ್ ಆಗುತ್ತದೆ ಅಂದರು. ಇದು ಕಲ್ಲಿನ ಸುತ್ತ ಸುತ್ತುತ್ತದೆ, ಸಂದಿಯಲ್ಲಿ ಇಣುಕುತ್ತದೆ, ಐಪ್ಟೇಶಿಯಾ ಮಾತ್ರ ಮುಟ್ಟುವುದಿಲ್ಲ. ಪೆಲೆಟ್ ಹಾಕಿದೆ, ಫ್ಲೇಕ್ ಹಾಕಿದೆ, ಫ್ರೋಜನ್ ಆರ್ಟೀಮಿಯಾ (ಪುಟ್ಟ ಸೀಗಡಿಯಂಥದ್ದು) ಹಾಕಿದೆ. ಇದು ಯೋಚನೆ ಮಾಡುವಷ್ಟರಲ್ಲಿ ಕ್ಲೌನ್‌ಗಳು ಬಂದು ಎಲ್ಲ ಖಾಲಿ ಮಾಡುತ್ತವೆ. ನಿನ್ನೆಯಿಂದ ಉಸಿರಾಟ ಜೋರಾಗಿದೆ, ಎರಡು ಸಲ ಮೈಯನ್ನು ಕಲ್ಲಿಗೆ ಉಜ್ಜಿದ್ದನ್ನು ನೋಡಿದೆ. ಮಗಳು ಸ್ಕೂಲಿಂದ ಬಂದ ತಕ್ಷಣ ಬ್ಯಾಗ್ ಕೂಡ ಇಳಿಸದೆ ಟ್ಯಾಂಕ್ ಮುಂದೆ ನಿಂತು "ಇವತ್ತು ತಿಂತಾ ಅಪ್ಪಾ?" ಅಂತ ಕೇಳುತ್ತಾಳೆ. ಏನು ಹೇಳಬೇಕೋ ಗೊತ್ತಾಗುತ್ತಿಲ್ಲ.

ಹಳೇಟ್ಯಾಂಕ್_ಮೈಸೂರು · ಶುಕ್ರವಾರ ರಾತ್ರಿ

ಮೊದಲು ಮೂರು ವಿಷಯ ಹೇಳಿ. ಅಂಗಡಿಯಲ್ಲಿ ಇದು ತಿನ್ನುವುದನ್ನು ನೀವು ಕಣ್ಣಾರೆ ನೋಡಿದಿರಾ? ಮೀನನ್ನು ಮುಂದಿನಿಂದ ನೋಡಿದರೆ ಕಣ್ಣಿನ ಮೇಲ್ಭಾಗ, ಬೆನ್ನು ಶುರುವಾಗುವ ಜಾಗ ತುಂಬಿಕೊಂಡಿದೆಯಾ ಇಲ್ಲ ಚಿವುಟಿದ ಹಾಗೆ ಒಳಗೆ ಹೋಗಿದೆಯಾ? ಆಮೇಲೆ ಮೊಬೈಲ್‌ನಲ್ಲಿ ಟೈಮರ್ ಇಟ್ಟು ಒಂದು ನಿಮಿಷಕ್ಕೆ ಎಷ್ಟು ಸಲ ಕಿವಿರು ಬಡಿಯುತ್ತದೆ ಎಣಿಸಿ. ಕ್ಲೌನ್‌ದೂ ಎಣಿಸಿ, ಹೋಲಿಸಲು ಬೇಕು. ಕಣ್ಣು ತಿಳಿಯಾಗಿದೆಯಾ ಅದನ್ನೂ ನೋಡಿ.

ಇನ್ನೂ ಹೆಚ್ಚು ಬಗೆಯ ತಿಂಡಿ ಹಾಕಬೇಡಿ. ತಿನ್ನದೆ ಉಳಿದಿದ್ದು ಕೊಳೆತು ನೀರು ಕೆಟ್ಟರೆ ಇನ್ನೊಂದು ತಲೆನೋವು.

ಉಪ್ಪುನೀರು_ಜಯನಗರ · ಶುಕ್ರವಾರ ರಾತ್ರಿ

ಅಂಗಡಿಯಲ್ಲಿ ತಿನ್ನುವುದನ್ನು ನೋಡಿಲ್ಲ. ಕೇಳಿದ್ದಕ್ಕೆ ಈಗ ತಾನೇ ತಿಂದಿದೆ ಸರ್ ಅಂದರು, ನಂಬಿದೆ. ಬೆನ್ನು ಇನ್ನೂ ತುಂಬಿಕೊಂಡಿದೆ, ಹೊಟ್ಟೆ ಮಾತ್ರ ಸ್ವಲ್ಪ ಒಳಗೆ ಹೋಗಿದೆ. ಕಿವಿರು ನಿಮಿಷಕ್ಕೆ 118. ಕ್ಲೌನ್‌ದು 74. ನೀವು ಹೇಳಿದ ಮೇಲೆ ಟಾರ್ಚ್ ಹಾಕಿ ನೋಡಿದೆ, ಎಡಗಣ್ಣಿನ ಮೇಲೆ ತೆಳ್ಳಗೆ ಹೊಗೆಯ ಪೊರೆ ತರಹ ಇದೆ.

ಹಳೇಟ್ಯಾಂಕ್_ಮೈಸೂರು · ಶುಕ್ರವಾರ ರಾತ್ರಿ

ಮೈ ಉಜ್ಜುವುದು, ಜೋರು ಉಸಿರು, ಮಂಜು ಕಣ್ಣು. ಮೂರೂ ಸೇರಿದರೆ ನನಗೆ ಮೊದಲು ನೆನಪಾಗುವುದು ಫ್ಲೂಕ್. ಚಪ್ಪಟೆ ಹುಳು. ನಿಯೋಬೆನೆಡೆನಿಯಾ ಅಂತ ಒಂದು ಜಾತಿ ಇದೆ, ಮೀನಿನ ಮೈ ಮೇಲೆ, ಕಣ್ಣಿನ ಮೇಲೆ ಅಂಟಿಕೊಂಡು ಚರ್ಮ ತಿನ್ನುತ್ತದೆ. ಅದರ ಮೈ ಪೂರ್ತಿ ಪಾರದರ್ಶಕ, ಹಾಗಾಗಿ ಉಪ್ಪುನೀರಿನಲ್ಲಿ ಕಣ್ಣಿಗೆ ಬೀಳುವುದೇ ಇಲ್ಲ. ಚಿಟ್ಟೆ ಮೀನುಗಳಿಗೆ ಇದು ಬಹಳ ಸಾಮಾನ್ಯ. ನಾನು ಹನ್ನೊಂದು ವರ್ಷದಲ್ಲಿ ತಂದ ಚಿಟ್ಟೆ ಮೀನುಗಳಲ್ಲಿ ಅರ್ಧಕ್ಕಿಂತ ಜಾಸ್ತಿಗೆ ಫ್ಲೂಕ್ ಇತ್ತು. ಮೈಯೆಲ್ಲ ಹುಳು ಕಚ್ಚುತ್ತಿರುವಾಗ ಅದು ಹೇಗೆ ತಿನ್ನುತ್ತದೆ ಹೇಳಿ.

ನಾಳೆ ಬೆಳಗ್ಗೆ ಸಿಹಿನೀರಿನ ಸ್ನಾನ ಮಾಡಿಸಿ. ಒಂದು ಕಪ್ಪು ಅಥವಾ ಗಾಢ ನೀಲಿ ಬಕೆಟ್ ತಗೊಳ್ಳಿ, ಬಿಳಿ ಬೇಡ, ಯಾಕೆ ಅಂತ ಆಮೇಲೆ ನಿಮಗೇ ಗೊತ್ತಾಗುತ್ತದೆ. ಆರ್‌ಓ ನೀರು ತುಂಬಿ. ಟ್ಯಾಂಕಿನ ಟೆಂಪರೇಚರ್‌ಗೆ ಸರಿಯಾಗಿ ತನ್ನಿ, ಅರ್ಧ ಡಿಗ್ರಿ ಕೂಡ ವ್ಯತ್ಯಾಸ ಬೇಡ. ಆರ್‌ಓ ನೀರಿನ ಪಿಎಚ್ ಕಮ್ಮಿ ಇರುತ್ತದೆ, ಅಡಿಗೆ ಸೋಡಾ ಚಿಟಿಕೆ ಚಿಟಿಕೆಯಾಗಿ ಹಾಕಿ 8.2ರ ಹತ್ತಿರ ತನ್ನಿ. ಅರ್ಧ ಗಂಟೆ ಏರ್‌ಸ್ಟೋನ್ (ಗಾಳಿ ಗುಳ್ಳೆ ಬಿಡುವ ಕಲ್ಲು) ಓಡಿಸಿ. ಆಮೇಲೆ ಮೀನು ಬಿಡಿ. ಐದು ನಿಮಿಷ. ಮೊದಲ ಅರ್ಧ ನಿಮಿಷ ಗಾಬರಿಯಾಗಿ ಓಡಾಡಬಹುದು, ಒಂದು ಪಕ್ಕಕ್ಕೆ ವಾಲಲೂಬಹುದು. ಉಸಿರು ನಡೆಯುತ್ತಿದ್ದರೆ ಹೆದರಬೇಡಿ. ಉಸಿರೇ ನಿಂತ ಹಾಗೆ ಕಂಡರೆ ತಕ್ಷಣ ತೆಗೆದು ಉಪ್ಪುನೀರಿಗೆ ಹಾಕಿ. ಬಲೆ ಬೇಡ, ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಿಡಿಯಿರಿ. ಆ ಉದ್ದ ಮೂತಿ ಬಲೆಗೆ ಸಿಕ್ಕಿ ಗಾಯವಾದರೆ ಆಮೇಲೆ ಅದು ಯಾವತ್ತೂ ತಿನ್ನುವುದಿಲ್ಲ.

ಸ್ನಾನ ಆದ ಮೇಲೆ ವಾಪಸ್ ಡಿಸ್‌ಪ್ಲೇಗೆ, ಅಂದರೆ ಮುಖ್ಯ ಟ್ಯಾಂಕಿಗೆ, ಬಿಡಬೇಡಿ. ಬೇರೆ ಟ್ಯಾಂಕ್ ಇದೆಯಾ?

ಉಪ್ಪುನೀರು_ಜಯನಗರ · ಶುಕ್ರವಾರ ರಾತ್ರಿ

100 ಲೀಟರಿನ ಹಳೇ ಟ್ಯಾಂಕ್ ಅಟ್ಟದ ಮೇಲಿದೆ. ಸ್ಪಾಂಜ್ ಫಿಲ್ಟರ್ ಒಂದು ಸಂಪ್‌ನಲ್ಲೇ (ಡಿಸ್‌ಪ್ಲೇಯ ನೀರು ಸೋಸುವ ತೊಟ್ಟಿ) ಬಿದ್ದಿದೆ, ಅದನ್ನೇ ಹಾಕುತ್ತೇನೆ. ಈಗಲೇ ಇಳಿಸಿ ತೊಳೆಯುತ್ತೇನೆ.

ಟೌನ್ಸ್‌ವಿಲ್_ಕನ್ನಡಿಗ · ಶನಿವಾರ ಬೆಳಗ್ಗೆ

ನಾನು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿದ್ದೇನೆ, ಊರು ಶಿರಸಿ ಹತ್ತಿರ. ಇಲ್ಲಿ ಮ್ಯಾಗ್ನೆಟಿಕ್ ಐಲ್ಯಾಂಡ್ ಸುತ್ತಮುತ್ತ ಸ್ನಾರ್ಕೆಲ್ ಮಾಡುವಾಗ ಕಾಪರ್‌ಬ್ಯಾಂಡ್ ಆಗಾಗ ಕಾಣುತ್ತದೆ. ಫೋಟೋಗಳಲ್ಲಿ ನೋಡುವ ಹಾಗೆ ಗಾಜಿನಂಥ ತಿಳಿ ನೀರಲ್ಲ ಅದು. ದಡದ ಹತ್ತಿರದ, ಸ್ವಲ್ಪ ಕೆಸರು ಕೆಸರಾದ ನೀರು. ಅಲ್ಲಿ ಕಲ್ಲಿನ ಒಂದೊಂದೇ ಬಿರುಕಿಗೆ ಮೂತಿ ಹಾಕಿ, ಚಿಮಟದಲ್ಲಿ ಎತ್ತಿದ ಹಾಗೆ ಸಣ್ಣ ಹುಳು, ಸಣ್ಣ ಸೀಗಡಿ ಎತ್ತಿ ತಿನ್ನುತ್ತದೆ. ಬೆಳಗಿನಿಂದ ಸಂಜೆವರೆಗೆ ಅದೇ ಕೆಲಸ. ಒಂದು ಜಾಗದಲ್ಲಿ ಒಂದೇ ಸಲ ಹೊಟ್ಟೆ ತುಂಬ ತಿಂದಿದ್ದನ್ನು ನಾನು ನೋಡೇ ಇಲ್ಲ.

ಹಾಗಾಗಿ ನೀರಲ್ಲಿ ತೇಲುವ ಪೆಲೆಟ್ ಅದಕ್ಕೆ ಊಟ ಅಂತ ಗೊತ್ತೇ ಆಗುವುದಿಲ್ಲ. ಮೀನು ಹಟ ಮಾಡುತ್ತಿಲ್ಲ, ಎದುರಿಗಿರುವುದು ತಿನ್ನುವ ವಸ್ತು ಅಂತ ಅದಕ್ಕೆ ಅರ್ಥವಾಗಿಲ್ಲ ಅಷ್ಟೇ. ಯಾವುದಾದರೂ ಒಂದು ಬಿರುಕಿನೊಳಗೆ, ಒಂದು ಚಿಪ್ಪಿನೊಳಗೆ ಊಟ ಇಟ್ಟು ಕೊಡಿ.

ಒಂದು ವಿಷಯದಲ್ಲಿ ಮಾತ್ರ ಹಳೇಟ್ಯಾಂಕ್ ಅವರ ಜೊತೆ ನನ್ನ ಅಭಿಪ್ರಾಯ ಬೇರೆ. ತಿನ್ನದ ಕಾಪರ್‌ಬ್ಯಾಂಡನ್ನು ಬರಿ ಗಾಜಿನ ಖಾಲಿ ಟ್ಯಾಂಕಿಗೆ ಹಾಕಿದರೆ ಅದು ಇನ್ನೂ ಕುಗ್ಗಿಹೋಗುತ್ತದೆ. ಕಲ್ಲು ಇರುವ ಕಡೆ ಕೊನೇ ಪಕ್ಷ ಏನಾದರೂ ಕುಕ್ಕುತ್ತಾ ಇರುತ್ತದೆ.

ಹಳೇಟ್ಯಾಂಕ್_ಮೈಸೂರು · ಶನಿವಾರ ಬೆಳಗ್ಗೆ

ನಿಮ್ಮ ಮಾತು ಒಪ್ಪುತ್ತೇನೆ, ಆದರೆ ಪೂರ್ತಿ ಅಲ್ಲ. ಕಲ್ಲಿರುವ ಡಿಸ್‌ಪ್ಲೇಯಲ್ಲಿ ಔಷಧಿ ಹಾಕುವುದು ಕಷ್ಟ. ಫ್ಲೂಕ್ ಮೊಟ್ಟೆಗೆ ದಾರದಂಥ ಎಳೆ ಇರುತ್ತದೆ, ಎಲ್ಲೆಂದರಲ್ಲಿ ಸಿಕ್ಕಿಕೊಂಡು ಕೂರುತ್ತದೆ. ಇವತ್ತು ಸ್ನಾನ ಮಾಡಿಸಿ ವಾಪಸ್ ಅಲ್ಲೇ ಬಿಟ್ಟರೆ ಮುಂದಿನ ವಾರ ಮತ್ತೆ ಇದೇ ಕಥೆ. 2016ರಲ್ಲಿ ನಾನು ಹಾಗೆ ಮಾಡಿ ಒಂದು ಕಾಪರ್‌ಬ್ಯಾಂಡ್ ಕಳೆದುಕೊಂಡೆ. ಆ ಮೀನು ತಿನ್ನುತ್ತಿತ್ತು, ಅದಕ್ಕೇ ಇನ್ನೂ ಜಾಸ್ತಿ ಬೇಜಾರು.

ಮಧ್ಯದ ದಾರಿ ಇದೆ. ಬೇರೆ ಟ್ಯಾಂಕಿಗೆ ನಾಲ್ಕಾರು ಪಿವಿಸಿ ಪೈಪ್ ತುಂಡು ಹಾಕಿ, ಮೂರು ಬದಿಗೆ ಕಪ್ಪು ಕಾಗದ ಅಂಟಿಸಿ. ಡಿಸ್‌ಪ್ಲೇಯಿಂದ ಐಪ್ಟೇಶಿಯಾ ಇರುವ ಒಂದೇ ಒಂದು ಕಲ್ಲು ತಂದು ಇಡಿ. ಈಗ ತಾಮ್ರದ ಔಷಧಿ ಹಾಕುತ್ತಿಲ್ಲವಲ್ಲ, ಹಾಗಾಗಿ ತೊಂದರೆ ಇಲ್ಲ. ಮುಂದೆ ಬಿಳಿ ಚುಕ್ಕೆ (ವೈಟ್ ಸ್ಪಾಟ್ ರೋಗ) ಕಂಡು ತಾಮ್ರ ಹಾಕಬೇಕಾದರೆ ಆ ಕಲ್ಲು ಹೊರಗೆ. ಇನ್ನೊಂದು, ಮೀನು ಸರಿಯಾಗಿ ತಿನ್ನುವವರೆಗೆ ತಾಮ್ರ ಮುಟ್ಟಲೇಬೇಡಿ.

ಕುಡ್ಲಕಡಲು · ಶನಿವಾರ ಮಧ್ಯಾಹ್ನ

ಮಾರಾಯ್ರೆ, ಪಚ್ಚಿಲೆ (ಹಸಿರು ಚಿಪ್ಪಿನ ಕಡಲ ಚಿಪ್ಪುಮೀನು) ಕೊಟ್ಟು ನೋಡಿದ್ದೀರಾ? ನಮ್ಮಲ್ಲಿ ಮಂಗಳೂರಲ್ಲಿ ಈಗ ಪಚ್ಚಿಲೆ ಸೀಸನ್ ಉಂಟು. ಮರುವಾಯಿ ಅನ್ನುವ ಇನ್ನೊಂದು ಚಿಪ್ಪುಮೀನು ಕೂಡ ಆಗುತ್ತದೆ, ಉತ್ತರ ಕನ್ನಡದವರು ಬೆಳಚು ಹೇಳುವುದು ಅದಕ್ಕೇ. ನನ್ನ ಕಾಪರ್‌ಬ್ಯಾಂಡ್ ಎಂಟು ದಿನ ಉಪವಾಸ ಇದ್ದದ್ದು ಮೊದಲು ಬಾಯಿ ಹಾಕಿದ್ದೇ ಪಚ್ಚಿಲೆಗೆ. ಬೆಂಗಳೂರಲ್ಲಿ ಮಂಗಳೂರು ಮೀನು ತರಿಸುವ ಅಂಗಡಿಗಳಲ್ಲಿ ವಿಚಾರಿಸಿ, ಸಿಗುತ್ತದೆ.

ಮಾಡುವುದು ಹೀಗೆ. ಚಿಪ್ಪು ಚೆನ್ನಾಗಿ ತಿಕ್ಕಿ ತೊಳೆಯಿರಿ. ಬಾಯಿ ತೆರೆದುಕೊಂಡೇ ಇರುವುದು, ತಟ್ಟಿದರೂ ಮುಚ್ಚದ್ದು ಸತ್ತದ್ದು, ಅದನ್ನು ಬಿಸಾಡಿ. ಉಳಿದದ್ದನ್ನು ಮೂರು ದಿನ ಫ್ರೀಜರ್‌ನಲ್ಲಿಡಿ. ಬೇಯಿಸಬೇಡಿ, ಉಪ್ಪು ಹುಳಿ ಏನೂ ಬೇಡ. ಬೇಕಾದಾಗ ಒಂದು ತೆಗೆದು, ಚಾಕುವಿನಲ್ಲಿ ಬಿಡಿಸಿ, ಅರ್ಧ ಚಿಪ್ಪಿನಲ್ಲಿ ಮಾಂಸ ಇರುವ ಹಾಗೆಯೇ ಟ್ಯಾಂಕಿನಲ್ಲಿಡಿ. ಮೀನು ನೋಡಿ ನೋಡಿ ಹತ್ತಿರ ಬರಲು ಸಮಯ ಬೇಕು. ಎರಡು ಗಂಟೆ ಬಿಟ್ಟು ಉಳಿದದ್ದನ್ನು ತೆಗೆಯಿರಿ, ಇಲ್ಲದಿದ್ದರೆ ನೀರು ನಾರುತ್ತದೆ. ಮಳೆಗಾಲದಲ್ಲಿ ಸಿಗುವುದು ಕಷ್ಟ, ಈಗಲೇ ನಾಲ್ಕು ಕಿಲೋ ತಂದು ಫ್ರೀಜ್ ಮಾಡಿಟ್ಟುಕೊಳ್ಳಿ. ಮನೆಯವರಿಗೆ ಪಚ್ಚಿಲೆ ಸುಕ್ಕ ಕೂಡ ಆಯಿತು.

ಉಪ್ಪುನೀರು_ಜಯನಗರ · ಶನಿವಾರ ರಾತ್ರಿ

ಸ್ನಾನ ಆಯಿತು. ನಡೆದಿದ್ದನ್ನು ಪೂರ್ತಿ ಬರೆಯುತ್ತೇನೆ, ಮುಂದೆ ಯಾರಿಗಾದರೂ ಉಪಯೋಗಕ್ಕೆ ಬರಲಿ.

ಹಿಡಿಯುವುದಕ್ಕೇ ಒಂದು ಗಂಟೆ. ಕೊನೆಗೆ ಅರ್ಧ ಕಲ್ಲು ಹೊರಗೆ ತೆಗೆದು, ಐಸ್‌ಕ್ರೀಂ ಡಬ್ಬಿಯಲ್ಲಿ ಹಿಡಿದೆ. ಬಕೆಟ್‌ಗೆ ಬಿಟ್ಟ ತಕ್ಷಣ ಒಂದು ಸುತ್ತು ಜೋರಾಗಿ ಸುತ್ತಿ, ತಳದಲ್ಲಿ ವಾಲಿಕೊಂಡು ನಿಂತಿತು. ನನ್ನ ಕೈ ನಡುಗುತ್ತಿತ್ತು. ಹೆಂಡತಿ ಮೊಬೈಲ್ ಹಿಡಿದು ಸೆಕೆಂಡ್ ಹೇಳುತ್ತಿದ್ದಳು. ಒಂದೂವರೆ ನಿಮಿಷ ಏನೂ ಇಲ್ಲ. ಸುಮ್ನೆ ಮೀನಿಗೆ ಹಿಂಸೆ ಕೊಟ್ಟೆನಲ್ಲ ಅಂದುಕೊಂಡೆ. ಆಮೇಲೆ ಎಡಗಣ್ಣಿನ ಮೇಲಿನ ಆ ಪೊರೆ ನಿಧಾನಕ್ಕೆ ಬಿಳಿಯಾಗತೊಡಗಿತು. ಪೊರೆ ಅಂದುಕೊಂಡಿದ್ದು ಹುಳು! ಅಕ್ಕಿ ನುಚ್ಚಿನ ಹಾಗೆ ಬೆಳ್ಳಗಾಗಿ, ಅಂಚು ಮಡಚಿಕೊಂಡು, ಕಣ್ಣಿನಿಂದ ಕಳಚಿ ಕೆಳಗೆ ಬಿತ್ತು. ಅದರ ಹಿಂದೆಯೇ ಮೈಯಿಂದ, ರೆಕ್ಕೆ ಬುಡದಿಂದ, ಕಿವಿರಿನ ಹತ್ತಿರದಿಂದ ಒಂದೊಂದೇ. ನಾಲ್ಕನೇ ನಿಮಿಷಕ್ಕೆ ಕಪ್ಪು ಬಕೆಟ್ಟಿನ ತಳದಲ್ಲಿ ಬಿಳಿ ಎಳ್ಳು ಚೆಲ್ಲಿದ ಹಾಗೆ. ಮಗಳು ಎಣಿಸಿದಳು, 31. ಒಂದು ಅಂಗೈ ಅಗಲದ ಮೀನಿನ ಮೇಲೆ 31 ಹುಳು ಇದ್ದವು, ನಾನು ಆರು ದಿನ ಅದನ್ನು ನೋಡುತ್ತಾ ಪೆಲೆಟ್ ಹಾಕುತ್ತಾ ಕೂತಿದ್ದೆ.

ಈಗ ಬೇರೆ ಟ್ಯಾಂಕಿನಲ್ಲಿದೆ. ಉಸಿರು 90ಕ್ಕೆ ಇಳಿದಿದೆ. ತುಂಬಾ ತುಂಬಾ ಥ್ಯಾಂಕ್ಸ್. ಮುಂದೆ?

ಹಳೇಟ್ಯಾಂಕ್_ಮೈಸೂರು · ಶನಿವಾರ ರಾತ್ರಿ

ನಿಮ್ಮ ಮಗಳಿಗೆ ಶಹಬ್ಬಾಸ್ ಹೇಳಿ. ಎಣಿಸಿದ್ದು ಒಳ್ಳೆಯದಾಯಿತು.

ಸ್ನಾನದಲ್ಲಿ ಎಲ್ಲ ಹುಳು ಹೋಗುವುದಿಲ್ಲ, ಕಿವಿರೊಳಗೆ ಉಳಿದಿರುತ್ತವೆ. ಪ್ರಾಜಿಕ್ವಾಂಟೆಲ್ ಅಂತ ಹುಳು ಕೊಲ್ಲುವ ಔಷಧಿ ಹಾಕಬೇಕು. ಲೀಟರಿಗೆ 2.5 ಮಿಲಿಗ್ರಾಂ, ಅಂದರೆ ನಿಮ್ಮ 100 ಲೀಟರಿಗೆ 250 ಮಿಲಿಗ್ರಾಂ. ಮಾತ್ರೆ ಆದರೆ ನುಣ್ಣಗೆ ಪುಡಿ ಮಾಡಿ, ಬಾಟಲಿಯಲ್ಲಿ ನೀರು ಹಾಕಿ ಚೆನ್ನಾಗಿ ಕುಲುಕಿ, ಅಷ್ಟು ಸುಲಭಕ್ಕೆ ಕರಗುವುದಿಲ್ಲ ಅದು. ಫಿಲ್ಟರ್‌ನಲ್ಲಿ ಕಾರ್ಬನ್ ಇದ್ದರೆ ತೆಗೆಯಿರಿ. ಏರ್‌ಸ್ಟೋನ್ ಜೋರಾಗಿ ಓಡಲಿ, ಈ ಔಷಧಿ ಹಾಕಿದಾಗ ನೀರಲ್ಲಿ ಆಮ್ಲಜನಕ ಕಮ್ಮಿಯಾಗುತ್ತದೆ. ಔಷಧಿ ಮೊಟ್ಟೆಯನ್ನು ಕೊಲ್ಲುವುದಿಲ್ಲ. ಅದಕ್ಕೇ ಒಂದು ವಾರ ಬಿಟ್ಟು, ಅರ್ಧ ನೀರು ಬದಲಿಸಿ, ಇನ್ನೊಂದು ಸಲ ಹಾಕಿ.

ಕ್ಲೌನ್, ಗೋಬಿ ಕೂಡ ಅದೇ ನೀರಿನಲ್ಲಿದ್ದವು. ಅವನ್ನೂ ಹೊರಗೆ ತಂದು ಔಷಧಿ ಕೊಡಬೇಕು. ಕಾಪರ್‌ಬ್ಯಾಂಡ್ ಜೊತೆ ಒಂದೇ ಟ್ಯಾಂಕ್ ಬೇಡ, ಊಟ ಕಿತ್ತುಕೊಳ್ಳುತ್ತವೆ. ದೊಡ್ಡ ಪ್ಲಾಸ್ಟಿಕ್ ಟಬ್ ಸಾಕು. ಡಿಸ್‌ಪ್ಲೇಯಲ್ಲಿ ಒಂದೂ ಮೀನು ಇರಬಾರದು. ಹೇಗೂ ಖಾಲಿ ಬಿಡುತ್ತೀರಲ್ಲ, ಪೂರ್ತಿ 76 ದಿನ ಬಿಟ್ಟುಬಿಡಿ, ವೈಟ್ ಸ್ಪಾಟ್ ಪರಾವಲಂಬಿ ಇದ್ದರೆ ಅದೂ ಮುಗಿಯುತ್ತದೆ. ಗೋಡೆ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಳ್ಳಿ.

ಟೌನ್ಸ್‌ವಿಲ್_ಕನ್ನಡಿಗ · ಭಾನುವಾರ ಬೆಳಗ್ಗೆ

31! ನನ್ನ ಮಾತು ವಾಪಸ್ ತಗೊಳ್ಳುತ್ತೇನೆ, ಈ ಮೀನನ್ನು ಹೊರಗೆ ತೆಗೆದದ್ದೇ ಸರಿ.

ಮುಂದಿನ ಸಲಕ್ಕೆ ಒಂದು ವಿಷಯ. ಅಂಗಡಿಯವರ ಟ್ಯಾಂಕಿನ ಸ್ಯಾಲಿನಿಟಿ ಎಷ್ಟು ಅಂತ ಕೇಳಿಕೊಂಡು ಬನ್ನಿ. ಎಷ್ಟೋ ಕಡೆ 1.018, 1.019ರಲ್ಲಿ ಇಟ್ಟಿರುತ್ತಾರೆ. ಮನೆಗೆ ತರುವ ಮೊದಲೇ ಕ್ವಾರಂಟೈನ್ ಟ್ಯಾಂಕಿನ (ಹೊಸ ಮೀನನ್ನು ಬೇರೆ ಇಡುವ ಟ್ಯಾಂಕ್) ನೀರನ್ನು ಅಷ್ಟಕ್ಕೇ ಹೊಂದಿಸಿಟ್ಟರೆ ಟೆಂಪರೇಚರ್ ಸರಿ ಮಾಡಿ ನೇರವಾಗಿ ಬಿಡಬಹುದು. ಆಮೇಲೆ ದಿನಕ್ಕೆ ಸ್ವಲ್ಪ ಸ್ವಲ್ಪ ಏರಿಸಿ. ದೂರದಿಂದ ಬಂದ ಚೀಲವನ್ನು ಬಿಚ್ಚಿಟ್ಟು ಎರಡು ಗಂಟೆ ಹನಿ ಹನಿ ನೀರು ಬಿಡುತ್ತಾ ಕೂರುವುದು ಅಪಾಯ. ಚೀಲದಲ್ಲಿ ಮೀನಿನ ಉಸಿರಿನಿಂದ ಇಂಗಾಲದ ಡೈಆಕ್ಸೈಡ್ ತುಂಬಿ ಪಿಎಚ್ ಇಳಿದಿರುತ್ತದೆ, ಹಾಗಾಗಿ ಅಮೋನಿಯಾ ಇದ್ದರೂ ಅಷ್ಟು ವಿಷ ಆಗಿರುವುದಿಲ್ಲ. ಚೀಲ ಬಿಚ್ಚಿದ ತಕ್ಷಣ ಪಿಎಚ್ ಏರುತ್ತದೆ, ಅದೇ ಅಮೋನಿಯಾ ಮೀನಿನ ಕಿವಿರು ಸುಡುತ್ತದೆ.

ಉಪ್ಪುನೀರು_ಜಯನಗರ · ಬುಧವಾರ ರಾತ್ರಿ

ತಿಂತು!!

ಸೋಮವಾರ ಅರ್ಧ ಕಿಲೋ ಪಚ್ಚಿಲೆ ಸಿಕ್ಕಿತು. ಮೂರು ದಿನ ಫ್ರೀಜ್ ಮಾಡಲು ಕಾಯುವಷ್ಟು ತಾಳ್ಮೆ ಇರಲಿಲ್ಲ, ಎರಡು ದಿನಕ್ಕೇ ತೆಗೆದೆ. ಇವತ್ತು ಸಂಜೆ ಒಂದು ಚಿಪ್ಪು ಬಿಡಿಸಿ ಪೈಪಿನ ಪಕ್ಕ ಇಟ್ಟು, ಲೈಟ್ ಕಮ್ಮಿ ಮಾಡಿ, ನಾವು ಮೂವರೂ ಆರು ಅಡಿ ದೂರ ನೆಲದ ಮೇಲೆ ಕೂತೆವು. ಇಪ್ಪತ್ತು ನಿಮಿಷ ಅದು ಪೈಪಿನ ಹಿಂದೆಯೇ. ಆಮೇಲೆ ಬಂತು. ಚಿಪ್ಪಿನ ಮೇಲೆ ನಿಂತು, ಮೈಯನ್ನು ಒಂದು ಪಕ್ಕಕ್ಕೆ ವಾಲಿಸಿ ಒಂದು ಕಣ್ಣಲ್ಲಿ ನೋಡಿತು. ಮತ್ತೆ ಇನ್ನೊಂದು ಪಕ್ಕಕ್ಕೆ ವಾಲಿ ಇನ್ನೊಂದು ಕಣ್ಣಲ್ಲಿ. ಹಿಂದೆ ಹೋಯಿತು. ಮತ್ತೆ ಬಂತು. ಮಾಂಸದ ಅಂಚಿನಲ್ಲಿ ಸೀರೆ ನಿರಿಗೆಯ ಹಾಗೆ ಒಂದು ಸುರುಳಿ ಇರುತ್ತದಲ್ಲ, ಅದರ ತುದಿಯನ್ನು ಮೂತಿಯಲ್ಲಿ ಹಿಡಿದು ಟಕ್ ಅಂತ ಎಳೆಯಿತು. ಒಂದು ನೂಲಿನಷ್ಟು ಬಂತು. ನುಂಗಿತು. ಹೆಂಡತಿ ನನ್ನ ತೋಳು ಎಷ್ಟು ಗಟ್ಟಿಯಾಗಿ ಹಿಡಿದಳೆಂದರೆ ಇನ್ನೂ ಗುರುತಿದೆ. ಹತ್ತು ನಿಮಿಷದಲ್ಲಿ ಇಪ್ಪತ್ತಕ್ಕೂ ಜಾಸ್ತಿ ಸಲ ಕುಕ್ಕಿತು.

ಕುಡ್ಲಕಡಲು · ಬುಧವಾರ ರಾತ್ರಿ

ಭಾರಿ ಖುಷಿಯಾಯಿತು. ಓದುವಾಗ ಕಣ್ಣಲ್ಲಿ ನೀರು ಬಂತು ಮಾರಾಯ್ರೆ.

ಇನ್ನು ಎರಡು ಮೂರು ದಿನ ಪಚ್ಚಿಲೆ ಮಾತ್ರ. ಆಮೇಲೆ ಅದೇ ಚಿಪ್ಪಿನಲ್ಲಿ, ಮಾಂಸದ ಮೇಲೆ ಕರಗಿಸಿದ ಮೈಸಿಸ್ (ಸಣ್ಣ ಸೀಗಡಿಯಂಥ ಫ್ರೋಜನ್ ತಿಂಡಿ) ಒತ್ತಿ ಇಡಿ. ಎರಡೂ ಒಟ್ಟಿಗೆ ಬಾಯಿಗೆ ಹೋಗಲಿ. ಮುಂದೆ ಖಾಲಿ ಚಿಪ್ಪಿನಲ್ಲಿ ಬರಿ ಮೈಸಿಸ್. ಚಿಪ್ಪು ಕಂಡರೆ ಊಟ ಅಂತ ಅದಕ್ಕೆ ಗೊತ್ತಾಗಿರುತ್ತದೆ.

ಹುಬ್ಬಳ್ಳಿ_ರೀಫ್ · ಗುರುವಾರ

ಚಲೋ ಸುದ್ದಿ ರೀ. ನಾನು ಮೊದಲಿಂದ ಓದಾಕತ್ತೀನಿ. ನನ್ನದೂ ಒಂದು ಪ್ರಶ್ನೆ ಐತಿ, ಇಲ್ಲೇ ಕೇಳಲೇನು? ನಮ್ಮ ಅಂಗಡಿಯವರು ಮೆಲನ್ ಚಿಟ್ಟೆ ಮೀನಿನ ಜೋಡಿ ಬಂದಾವ, ಕಾಪರ್‌ಬ್ಯಾಂಡ್‌ಗಿಂತ ಕಮ್ಮಿ ರೇಟ್ ಅಂತ ಫೋಟೋ ಕಳಿಸ್ಯಾರ. ನೋಡಾಕ ಭಾರಿ ಚಂದ. ಐದು ಅಡಿ ಟ್ಯಾಂಕ್ ಐತಿ, ಚಿಲ್ಲರ್ ಐತಿ, ಇನ್ವರ್ಟರ್ ಐತಿ. ತರಲೇನು?

ನೇತ್ರಾಣಿ_ಡೈವ್ · ಗುರುವಾರ

ದಯವಿಟ್ಟು ತರಬೇಡಿ. ಕೈ ಮುಗಿದು ಕೇಳಿಕೊಳ್ಳುತ್ತೇನೆ.

ನಾನು ಟ್ಯಾಂಕ್ ಇಟ್ಟವನಲ್ಲ, ಕಡಲಿಗೆ ಇಳಿಯುವವನು. ಮೆಲನ್ ಚಿಟ್ಟೆ ಮೀನು, ಅಂದರೆ ಕೀಟೊಡಾನ್ ಟ್ರೈಫ್ಯಾಸಿಯೇಟಸ್, ತಿನ್ನುವುದು ಜೀವಂತ ಹವಳದ ಪಾಲಿಪ್‌ಗಳನ್ನು, ಅಂದರೆ ಹವಳ ಕಟ್ಟುವ ಪುಟ್ಟ ಜೀವಿಗಳನ್ನು. ಬೇರೇನನ್ನೂ ಅದು ಊಟ ಅಂತ ಎಣಿಸುವುದಿಲ್ಲ. ಲಕ್ಷದ್ವೀಪದಲ್ಲಿ ಇದರ ಜೋಡಿಯನ್ನು ಗಂಟೆಗಟ್ಟಲೆ ಹಿಂಬಾಲಿಸಿದ್ದೇನೆ. ಜೋಡಿ ಬಿಟ್ಟು ಅಗಲುವುದಿಲ್ಲ. ಒಂದು ಹವಳಕ್ಕೆ ನಾಲ್ಕು ಕುಕ್ಕು, ಮುಂದಿನ ಹವಳಕ್ಕೆ ಎರಡು, ಹೀಗೆ ತಮ್ಮ ಒಂದು ಬೀದಿ ಇರುತ್ತದೆ, ದಿನವಿಡೀ ಅದೇ ಬೀದಿ ಸುತ್ತುತ್ತವೆ. ಷೆವ್ರಾನ್ ಅಂತ ಇನ್ನೊಂದು ಚಿಟ್ಟೆ ಮೀನಿದೆ, ಅದು ಮೇಜಿನಂತೆ ಚಪ್ಪಟೆಯಾಗಿ ಬೆಳೆಯುವ ಆಕ್ರೊಪೋರಾ ಹವಳವನ್ನು ಬಿಟ್ಟು ಬೇರೆ ಹವಳಕ್ಕೂ ಸರಿಯಾಗಿ ಬಾಯಿ ಹಾಕುವುದಿಲ್ಲ. 1998ರಲ್ಲಿ, 2010ರಲ್ಲಿ, 2016ರಲ್ಲಿ ನೀರು ಬಿಸಿಯಾಗಿ ಲಕ್ಷದ್ವೀಪದ ಹವಳ ಬಿಳಿಚಿ ಸತ್ತಿತು. ಹವಳ ಸತ್ತ ಕಡೆ ಹವಳವನ್ನೇ ನಂಬಿದ ಈ ಮೀನುಗಳೂ ಕಮ್ಮಿಯಾಗುತ್ತವೆ. ಅಷ್ಟು ದೊಡ್ಡ ಕಡಲಲ್ಲೇ ಊಟ ಬದಲಿಸಲು ಆಗದ ಮೀನು ನಿಮ್ಮ ಐದು ಅಡಿಯಲ್ಲಿ ಬದಲಿಸುತ್ತದಾ?

ಇನ್ನೊಂದು ಮಾತು. ಅಂಗಡಿಯಲ್ಲಿ ಸಿಗುವ ಚಿಟ್ಟೆ ಮೀನು ಹೆಚ್ಚುಕಮ್ಮಿ ಎಲ್ಲವೂ ಕಡಲಲ್ಲಿ ಹಿಡಿದದ್ದೇ. ಕ್ಲೌನ್ ತರಹ ಮನೆಯಲ್ಲಿ ಮರಿ ಮಾಡಿಸುವುದು ಇವುಗಳಲ್ಲಿ ಸುಲಭವಲ್ಲ. ಮರಿಗಳು ವಾರಗಟ್ಟಲೆ ತೆರೆದ ಕಡಲಲ್ಲಿ ತೇಲುತ್ತಾ ಬೆಳೆಯುತ್ತವೆ, ತಲೆಗೆ ಎಲುಬಿನ ಕವಚ ಇರುತ್ತದೆ, ಆ ಹಂತಕ್ಕೆ ತೋಲಿಕ್ತಿಸ್ ಅಂತ ಹೆಸರು. ಹಾಗಾಗಿ ನೀವು ತಂದ ಜೋಡಿ ಹಸಿದು ಸತ್ತರೆ, ಎಲ್ಲೋ ಒಂದು ಹವಳದ ದಿಬ್ಬದಿಂದ ಒಂದು ಜೋಡಿ ಹೋಯಿತು ಅಂತಲೇ ಲೆಕ್ಕ. ರೇಟ್ ಕಮ್ಮಿ ಇರುವುದೂ ಅದಕ್ಕೇ, ಅಂಗಡಿಯಲ್ಲೂ ಅವು ಜಾಸ್ತಿ ದಿನ ಉಳಿಯುವುದಿಲ್ಲ.

ಹುಬ್ಬಳ್ಳಿ_ರೀಫ್ · ಗುರುವಾರ

ಇಷ್ಟು ಗೊತ್ತಿರಲಿಲ್ಲ ರೀ. ಈಗಷ್ಟೇ ಫೋನ್ ಮಾಡಿ ಬ್ಯಾಡ ಅಂದೆ. ಆದ್ರ ನನ್ನ ಗೆಳೆಯ ಒಬ್ಬಾವ ಮೆಲನ್ ಪೆಲೆಟ್ ತಿಂತದ ಅಂತ ವಿಡಿಯೋ ತೋರ್ಸ್ಯಾನ. ಹಂಗೂ ಆಗ್ತದೇನು?

ಹಳೇಟ್ಯಾಂಕ್_ಮೈಸೂರು · ಗುರುವಾರ

ಅಪರೂಪಕ್ಕೆ ಒಂದು ತಿನ್ನುತ್ತದೆ, ಇಲ್ಲ ಅನ್ನುವುದಿಲ್ಲ. ವಿಡಿಯೋ ಬರುವುದು ತಿಂದ ಮೀನಿನದು ಮಾತ್ರ. ತಿನ್ನದೆ ಹೋದವುಗಳ ವಿಡಿಯೋ ಯಾರೂ ಹಾಕುವುದಿಲ್ಲ. ಒಂದು ವರ್ಷ ಕಳೆದ ಮೇಲೆ ನಿಮ್ಮ ಗೆಳೆಯರನ್ನು ಮತ್ತೆ ಕೇಳಿ ನೋಡಿ. ಪಟ್ಟೆ ಎಂಟಿರುವ ಆಕ್ಟೋಫ್ಯಾಸಿಯೇಟಸ್, ಮೇಯರ್, ಆರ್ನೇಟ್, ಇವೆಲ್ಲ ಅದೇ ಗುಂಪು. ಎಷ್ಟೇ ಚಂದ ಇರಲಿ, ಬಿಟ್ಟುಬಿಡಿ.

ನಿಮ್ಮ ಐದು ಅಡಿಗೆ ಔರಿಗಾ ಚಿಟ್ಟೆ ಮೀನು ನೋಡಿ. ಬೆನ್ನಿನ ರೆಕ್ಕೆಯಿಂದ ಉದ್ದ ದಾರ ಬರುತ್ತದಲ್ಲ, ಅದು. ನನ್ನಲ್ಲಿ ಒಂದು ಆರು ವರ್ಷದಿಂದ ಇದೆ. ತಂದ ಎರಡನೇ ದಿನ ತಿನ್ನಲು ಶುರು ಮಾಡಿತು, ಈಗ ನನ್ನ ಕೈಯಿಂದಲೇ ಮೈಸಿಸ್ ತಗೊಳ್ಳುತ್ತದೆ. ಐಪ್ಟೇಶಿಯಾ ಕೂಡ ತಿನ್ನುತ್ತದೆ. ರಕೂನ್ ಚಿಟ್ಟೆ ಮೀನು ಅಂತೂ ಇನ್ನೂ ಹೊಟ್ಟೆಬಾಕ. ಆದರೆ ಇವೆರಡೂ ಹವಳ, ಅನಿಮೋನ್, ಕೊಳವೆ ಹುಳು ಏನನ್ನೂ ಬಿಡುವುದಿಲ್ಲ, ಹವಳ ಇರುವ ಟ್ಯಾಂಕಿಗೆ ಬೇಡ. ಔರಿಗಾ 23 ಸೆಂಟಿಮೀಟರ್‌ವರೆಗೆ ಬೆಳೆಯುತ್ತದೆ, ಅಂಗಡಿಯಲ್ಲಿ ಬೆರಳುದ್ದ ನೋಡಿ ಮೋಸ ಹೋಗಬೇಡಿ. ನಮ್ಮ ಕಡಲಲ್ಲೇ ಸಿಗುವ ಡೆಕುಸ್ಸೇಟಸ್ ಕೂಡ ಗಟ್ಟಿ ಮೀನು. ಕೆಂಪು ಬಾಲದ ಕೊಲಾರೆ ಮಾತ್ರ ಒಂದೊಂದು ಒಂದೊಂದು ತರಹ, ತಿನ್ನುವುದನ್ನು ನೋಡದೆ ತರಬೇಡಿ.

ಹವಳ ಇದ್ದರೆ ಪಿರಮಿಡ್ ಚಿಟ್ಟೆ ಮೀನು ನೋಡಿ. ಅದು ನೀರಿನಲ್ಲಿ ತೇಲುವ ಪ್ಲವಕ (ಪುಟ್ಟ ಪುಟ್ಟ ಜೀವಿಗಳು) ತಿನ್ನುವ ಜಾತಿ, ಹವಳದ ಗೋಜಿಗೆ ಹೋಗುವುದಿಲ್ಲ. ಬ್ಯಾನರ್ ಮೀನುಗಳಲ್ಲಿ ಎರಡು ಜಾತಿ ನೋಡಲು ಅವಳಿ ಜವಳಿ. ಗುಂಪಾಗಿರುವ ಡೈಫ್ರೂಟೀಸ್ ಪ್ಲವಕ ತಿನ್ನುತ್ತದೆ. ನಮ್ಮಲ್ಲಿ ಜಾಸ್ತಿ ಬರುವ ಅಕ್ಯುಮಿನೇಟಸ್ ದೊಡ್ಡದಾಗುತ್ತದೆ, 25 ಸೆಂಟಿಮೀಟರ್, ಹವಳವನ್ನೂ ಕುಕ್ಕುತ್ತದೆ. ಅದಕ್ಕೆ ಐದು ಅಡಿಯೂ ಚಿಕ್ಕದು ಅಂತ ನನಗನ್ನಿಸುತ್ತದೆ.

ಹುಬ್ಬಳ್ಳಿ_ರೀಫ್ · ಶುಕ್ರವಾರ

ಔರಿಗಾನೇ ತರ್ತೀನಿ, ತಿನ್ನೂದು ನೋಡೇ ತರ್ತೀನಿ. ಇನ್ನೊಂದು, ಟ್ಯಾಂಕಿಗೆ ಕಲ್ಲು ಕಮ್ಮಿ ಬಿದ್ದಾವ. ಒಬ್ಬರು ಕಡಲಿಂದ ತಂದ ಹವಳದ ಕಲ್ಲು ಅಗ್ಗಕ್ಕ ಕೊಡ್ತೀನಿ ಅಂತಾರ. ತಗೋಬಹುದೇನು?

ನೇತ್ರಾಣಿ_ಡೈವ್ · ಶುಕ್ರವಾರ

ಬೇಡವೇ ಬೇಡ. ಗಟ್ಟಿ ಹವಳ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಶೆಡ್ಯೂಲ್‌ನಲ್ಲಿದೆ. ಹುಲಿ ಇರುವ ಪಟ್ಟಿಯದು. ಸತ್ತ ಹವಳದ ತುಂಡನ್ನೂ ತೆಗೆಯುವ, ಮಾರುವ, ಕೊಳ್ಳುವ ಹಾಗಿಲ್ಲ. ಸೆರಾಮಿಕ್ ಕಲ್ಲು ತಗೊಳ್ಳಿ, ಇಲ್ಲ ಸಿಮೆಂಟಿನಲ್ಲಿ ಮಾಡಿ ತಿಂಗಳುಗಟ್ಟಲೆ ನೀರಲ್ಲಿ ನೆನೆಸಿಟ್ಟ ಕಲ್ಲು ತಗೊಳ್ಳಿ. ಆರು ತಿಂಗಳಲ್ಲಿ ಅದೂ ಜೀವ ತುಂಬಿಕೊಳ್ಳುತ್ತದೆ. ಮುರುಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿ ದ್ವೀಪಕ್ಕೆ ಒಂದು ಸಲ ಬನ್ನಿ, ಮಳೆಗಾಲ ಶುರುವಾಗುವ ಮೊದಲು. ಬ್ಯಾನರ್ ಮೀನು ಜೋಡಿ ಜೋಡಿಯಾಗಿ ನಿಮ್ಮ ಎದುರೇ ಹಾದು ಹೋಗುತ್ತವೆ.

ಉಪ್ಪುನೀರು_ಜಯನಗರ · ಮೂರು ವಾರದ ನಂತರ

ಎಲ್ಲರಿಗೂ ಅಪ್‌ಡೇಟ್. ಪ್ರಾಜಿಕ್ವಾಂಟೆಲ್ ಎರಡು ಸಲ ಆಯಿತು. ಎರಡನೇದರ ನಂತರ ಇನ್ನೊಂದು ಸಿಹಿನೀರಿನ ಸ್ನಾನ ಮಾಡಿಸಿ ನೋಡಿದೆ, ಒಂದು ಹುಳುವೂ ಬೀಳಲಿಲ್ಲ. ಮೈಸಿಸ್ ಈಗ ಪಿಪೆಟ್ ತುದಿಯಿಂದಲೇ ತಗೊಳ್ಳುತ್ತದೆ. ದಿನಕ್ಕೆ ನಾಲ್ಕು ಸಲ ಕೊಡುತ್ತಿದ್ದೇವೆ, ಬೆಳಗ್ಗೆ ಆರೂವರೆಗೆ ನಾನು, ಹನ್ನೊಂದಕ್ಕೆ ಹೆಂಡತಿ, ನಾಲ್ಕಕ್ಕೆ ಮಗಳು, ರಾತ್ರಿ ಎಂಟಕ್ಕೆ ಯಾರಾದರೂ. ಮಗಳ ಒಂದು ನೋಟ್‌ಬುಕ್ ಇದೆ, ಯಾವ ಹೊತ್ತಿಗೆ ಏನು ತಿಂತು ಅಂತ ಬರೆಯುತ್ತಾಳೆ. ಬೆನ್ನಿನ ಹತ್ತಿರದ ಕಪ್ಪು ಚುಕ್ಕೆಗೆ "ಸುಳ್ಳು ಕಣ್ಣು" ಅಂತ ಹೆಸರಿಟ್ಟಿದ್ದಾಳೆ. ಮೊನ್ನೆ ರಾತ್ರಿ ಎದ್ದು ನೋಡಿದಾಗ ಬಣ್ಣ ಮಂಕಾಗಿತ್ತು, ಹೆದರಿ ಬೆಳಗಿನವರೆಗೆ ನಿದ್ದೆ ಬರಲಿಲ್ಲ, ಬೆಳಗ್ಗೆ ಲೈಟ್ ಹಾಕಿದ ಹತ್ತು ನಿಮಿಷಕ್ಕೆ ಸರಿಹೋಯಿತು. ಮಲಗುವಾಗ ಹಾಗಾಗುತ್ತದೆ ಅಂತ ಆಮೇಲೆ ಓದಿದೆ.

ಐಪ್ಟೇಶಿಯಾ ಕಲ್ಲಿನ ವಿಷಯ. ಹದಿನಾಲ್ಕು ದಿನ ಮುಟ್ಟಲಿಲ್ಲ. ಹದಿನೈದನೇ ದಿನ ಬೆಳಗ್ಗೆ ಸಣ್ಣವು ನಾಲ್ಕು ಮಾಯ. ದೊಡ್ಡವು ಹಾಗೇ ಇವೆ.

ಈಗ ಒಂದು ಪ್ರಶ್ನೆ. ಯುಗಾದಿಗೆ ನಾಲ್ಕು ದಿನ ಊರಿಗೆ ಹೋಗಲೇಬೇಕು, ಅಮ್ಮ ಕಾಯುತ್ತಿದ್ದಾರೆ. ಆಟೋ ಫೀಡರ್ ಪೆಲೆಟ್ಟಿಗೆ ಮಾತ್ರ ಆಗುತ್ತದೆ. ಏನು ಮಾಡುವುದು?

ಕುಡ್ಲಕಡಲು · ಅದೇ ದಿನ

ಐಸ್ ಟ್ರೇ ತಗೊಳ್ಳಿ. ಒಂದೊಂದು ಗುಂಡಿಗೆ ಒಂದು ಹೊತ್ತಿನಷ್ಟೇ ಮೈಸಿಸ್ ಮತ್ತು ಹೆಚ್ಚಿದ ಪಚ್ಚಿಲೆ ಹಾಕಿ ಫ್ರೀಜ್ ಮಾಡಿ. ಯಾರಾದರೂ ಬಂದು ಒಂದು ತುಂಡು ತೆಗೆದು, ಲೋಟದಲ್ಲಿ ಕರಗಿಸಿ ಹಾಕಿದರೆ ಆಯಿತು. ಪ್ಯಾಕೆಟ್ ಅವರ ಕೈಗೆ ಕೊಡಬೇಡಿ, ಪ್ರೀತಿಯಿಂದ ಜಾಸ್ತಿ ಹಾಕಿಬಿಡುತ್ತಾರೆ. ನಾಲ್ಕು ಸಲ ಬೇಡ, ನೀವಿಲ್ಲದಾಗ ಎರಡು ಸಲ ಸಾಕು. ಹೋಗುವ ಹಿಂದಿನ ದಿನ ನೀರು ಬದಲಿಸಿ. ಬ್ಯಾಟರಿ ಏರ್ ಪಂಪ್ ಚಾರ್ಜ್ ಮಾಡಿ ಇಡಿ, ಬೇಸಿಗೆಯಲ್ಲಿ ಕರೆಂಟ್ ನಂಬುವ ಹಾಗಿಲ್ಲ.

ಉಪ್ಪುನೀರು_ಜಯನಗರ · ಮರುದಿನ

ಮೇಲಿನ ಮನೆ ಅಜ್ಜಿ ಒಪ್ಪಿದ್ದಾರೆ. ಅವರು ಪೂರ್ತಿ ಸಸ್ಯಾಹಾರಿ, ಪಚ್ಚಿಲೆ ಮುಟ್ಟುವುದಿಲ್ಲ ಅಂದರು. ಹಾಗಾಗಿ ಎಂಟು ಗುಂಡಿಗೂ ಮೈಸಿಸ್ ಮಾತ್ರ ಹಾಕಿ, ಚಿಕ್ಕ ಚಮಚ ಒಂದು ಕೊಟ್ಟಿದ್ದೇನೆ. ಇವತ್ತು ಸಂಜೆ ಪ್ರಾಕ್ಟೀಸ್‌ಗೆ ಬಂದಿದ್ದರು. ಮಗಳು ನೋಟ್‌ಬುಕ್ ಅವರ ಕೈಗೆ ಕೊಟ್ಟು, ಎಲ್ಲಿ ಬರೆಯಬೇಕು ಅಂತ ಗೆರೆ ಹಾಕಿ ತೋರಿಸಿದ್ದಾಳೆ.